ಹತ್ತಿ ಕಟ್ಟಿಗೆಯೂ ಕಚ್ಚಾಮಾಲು

ಹುನಗುಂದ, ಇಳಕಲ್ಲ, ಬಾದಾಮಿ, ಬಾಗಲಕೋಟೆಯ ಎರೆಹೊಲಗಳಲ್ಲಿ ಹತ್ತಿ ಬಿಡಿಸಿದ ಮೇಲೆ ಕಟ್ಟಿಗೆಯನ್ನು ಸುಡುವುದು ಅಥವಾ ಬದುವಿಗೆ ಒಟ್ಟುವುದು ರೂಢಿ. ಹೆಕ್ಟೇರಿಗೆ ಸುಮಾರು 2ರಿಂದ 3 ಟನ್ ಸಿಗುವ ಈ ಕಟ್ಟಿಗೆಯು ಮರದ ಬದಲು ಹಲಗೆ ತಯಾರಿಕೆಗೆ ಒದಗುವ, ವರ್ಷವರ್ಷವೂ ಬೆಳೆಯುವ ಕಚ್ಚಾಮಾಲು. ಮುಂಬಯಿಯ ಕೇಂದ್ರೀಯ ಹತ್ತಿ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯು ಕೈಗೊಂಡ ಈ ಸಂಶೋಧನೆಗೆ, ಹಲವು ದೇಶಗಳು ಕೂಡಿ 1989ರಲ್ಲಿ ಸ್ಥಾಪಿಸಿದ ಆಮ್‌ಸ್ಟರ್‌ಡ್ಯಾಮಿನ ಸರಕುಗಳ ಸಾಮಾನ್ಯ ನಿಧಿಯು ಹಣ ನೀಡಿತು.

ಕಟ್ಟಿಗೆ ಹಗುರ, ಗಾತ್ರ ದೊಡ್ಡದು. ದೂರ ಸಾಗಿಸಿದರೆ ಬಾಡಿಗೆಯೇ ಬೆಲೆಯನ್ನು ನುಂಗುತ್ತದೆ. ಊರಲ್ಲೇ ಚೂರು ಮಾಡಿ ಕಳಿಸುವುದು ಲೇಸು. ಕೊಳ್ಳುವವರು ಸಿಗದಿದ್ದರೂ ಹೊಲದಲ್ಲಿ ಬಿಡಬೇಡಿರಿ. ಉಳಿದ ಕಾಯಿಗಳಲ್ಲಿ ಗುಲಾಬಿ ಕಾಯಿಕೊರಕ ಹುಳು ಅಡಗಿ ಮುಂದಿನ ಬೆಳೆಗೆ ಬೀಳುತ್ತದೆ. ಹತ್ತಿ ಬಿಡಿಸಿ ಮುಗಿದ ಕೂಡಲೇ ಗಿಡ ಕಿತ್ತು, ಚೂರು ಮಾಡಿ, ಗೊಬ್ಬರದ ಗುಂಡಿಗೆ ಹಾಕಿರಿ.