ಅಮೂರ್ತ ಚಿತ್ರ: ಅರ್ಥಕ್ಕೂ ಮೊದಲು ಅನುಭವ

ಕಲಾ ಪ್ರದರ್ಶನಗಳಲ್ಲಿ ಪದೇ ಪದೇ ಕೇಳಿಬರುವ ಪ್ರಶ್ನೆ ‘ಇದರ ಅರ್ಥವೇನು?’ ಎಂಬುದು. ಮರ, ಮನೆ, ಮುಖ ಯಾವುದೂ ಕಾಣದ ಅಮೂರ್ತ ಚಿತ್ರದ ಎದುರು ಉತ್ತರ ದೊರೆಯದಾಗ ನೋಡುಗ ಒಂದೋ ಕಲಾವಿದನನ್ನು ಶಂಕಿಸುತ್ತಾನೆ, ಇಲ್ಲವೇ ತನ್ನ ತಿಳಿವಳಿಕೆಯನ್ನೇ ಶಂಕಿಸಿ ಮುಂದೆ ಸಾಗುತ್ತಾನೆ. 2015ರಲ್ಲಿ ಮುಂಬೈಯ ಹರಾಜೊಂದರಲ್ಲಿ ವಾಸುದೇವ ಗಾಯ್ತೊಂಡೆ ಅವರ ಚಿತ್ರ 29 ಕೋಟಿ ರೂಪಾಯಿಗೂ ಹೆಚ್ಚಿನ ಬೆಲೆಗೆ ಮಾರಾಟವಾದಾಗ ಜನರ ಮನದಲ್ಲಿ ಉಳಿದದ್ದು ಬೆಲೆಯೇ ಹೊರತು ಬಣ್ಣವಲ್ಲ. ಅಮೂರ್ತ ಕಲೆ ಹಣವಂತರಿಗೆ ಮತ್ತು ಪಂಡಿತರಿಗೆ ಮಾತ್ರ ಸೇರಿದ್ದು ಎಂಬ ಭಾವನೆ ಬಲಿಯುವುದು ಹೀಗೆ.

ಆದರೆ ಇದೇ ನೋಡುಗ ಸಂಗೀತ ಕಛೇರಿಯಲ್ಲಿ ಕುಳಿತಾಗ ಆಲಾಪದ ಅರ್ಥವನ್ನು ಕೇಳುವುದಿಲ್ಲ. ಅಲ್ಲಿ ಸಾಹಿತ್ಯವಿಲ್ಲ, ಕಥೆಯಿಲ್ಲ. ಆದರೂ ಅಲೆದಾಡಿದ ಸ್ವರ ಷಡ್ಜಕ್ಕೆ ಮರಳಿದಾಗ ತಲೆ ತಾನಾಗಿ ತೂಗುತ್ತದೆ. ಸಂಸ್ಕೃತದ ‘ರಾಗ’ ಎಂಬ ಪದಕ್ಕೆ ಬಣ್ಣ ಎಂಬ ಅರ್ಥವೂ ಇರುವುದನ್ನು ಇಲ್ಲಿ ನೆನೆಯಬಹುದು. ಕಿವಿಗೆ ನಾವು ಕೊಡುವ ಈ ಸ್ವಾತಂತ್ರ್ಯವನ್ನು ಕಣ್ಣಿಗೆ ಕೊಡುವುದಿಲ್ಲವೇಕೆ?

ಬಣ್ಣದೊಳಗೆ ನಿಲ್ಲುವುದು

ಅಮೆರಿಕದ ಕಲಾವಿದ ಮಾರ್ಕ್ ರೊಥ್ಕೊ (1903-1970) ಅವರ ಚಿತ್ರಗಳು ಇದಕ್ಕೆ ಉತ್ತಮ ನಿದರ್ಶನ. ಆಳೆತ್ತರವನ್ನು ಮೀರಿದ ಕ್ಯಾನ್ವಾಸಿನ ಮೇಲೆ ಅಂಚು ಮಸುಕಾದ ಎರಡು ಮೂರು ಬಣ್ಣದ ಆಯತಗಳು; ಬೇರೇನೂ ಇಲ್ಲ. ತೆಳುವಾಗಿ ಕಲಸಿದ ಬಣ್ಣವನ್ನು ಪದರ ಪದರವಾಗಿ ಹಚ್ಚುತ್ತಿದ್ದ ರೊಥ್ಕೊ, ಚಿತ್ರಗಳನ್ನು ಮಂದ ಬೆಳಕಿನಲ್ಲಿ ತೂಗುಹಾಕಬೇಕೆಂದೂ ನೋಡುಗರು ಸುಮಾರು 18 ಅಂಗುಲದಷ್ಟು ಸಮೀಪದಲ್ಲಿ ನಿಲ್ಲಬೇಕೆಂದೂ ಬಯಸಿದ್ದರು. ಅಷ್ಟು ಹತ್ತಿರ ನಿಂತಾಗ ಚೌಕಟ್ಟು ದೃಷ್ಟಿಯಿಂದ ಮರೆಯಾಗುತ್ತದೆ. ಚಿತ್ರ ಎದುರಿನ ವಸ್ತುವಾಗಿ ಉಳಿಯದೆ ಸುತ್ತಲಿನ ವಾತಾವರಣವಾಗುತ್ತದೆ.

ಇದರಲ್ಲಿ ಕಣ್ಣಿನ ರಚನೆಯ ಪಾತ್ರವೂ ಇದೆ. ಸೂಕ್ಷ್ಮ ವಿವರಗಳನ್ನು ಗ್ರಹಿಸುವುದು ಅಕ್ಷಿಪಟಲದ ನಡುವಿನ ಪುಟ್ಟ ಭಾಗ ಮಾತ್ರ. ಉಳಿದ ವಿಶಾಲ ಭಾಗ ಬೆಳಕಿನ ಏರಿಳಿತ ಮತ್ತು ಚಲನೆಯ ಕಡೆಗೆ ಹೆಚ್ಚು ಎಚ್ಚರವಾಗಿರುತ್ತದೆ. ಒಂದೇ ಬಿಂದುವನ್ನು ದಿಟ್ಟಿಸಿದಾಗ ಅಂಚಿನಲ್ಲಿರುವ ಮಸುಕಾದ ಆಕಾರಗಳು ಕರಗಿದಂತೆ ಕಾಣುವುದನ್ನು ಸ್ವಿಟ್ಜರ್ಲೆಂಡಿನ ಇಗ್ನಾಜ್ ಟ್ರಾಕ್ಸ್‌ಲರ್ 1804ರಲ್ಲಿಯೇ ವಿವರಿಸಿದ್ದರು. ರೊಥ್ಕೊ ಅವರ ಬಣ್ಣಗಳು ಉಸಿರಾಡುವಂತೆ, ತೇಲುವಂತೆ ಭಾಸವಾಗಲು ಇದೂ ಒಂದು ಕಾರಣವಿರಬಹುದು.

ಹ್ಯೂಸ್ಟನ್ ನಗರದಲ್ಲಿ 1971ರಲ್ಲಿ ತೆರೆದ ರೊಥ್ಕೊ ಚಾಪೆಲ್‌ನಲ್ಲಿ ಅವರ 14 ದೊಡ್ಡ ಚಿತ್ರಗಳಿವೆ. ಎಂಟು ಮೂಲೆಗಳ ಆ ಮೌನಮಂದಿರಕ್ಕೆ ಕಾಲಿಟ್ಟವರಿಗೆ ಮೊದಲು ಕಾಣುವುದು ಬರಿಯ ಕಪ್ಪು. ಕಣ್ಣು ಮಂದ ಬೆಳಕಿಗೆ ಹೊಂದಿಕೊಂಡಂತೆ ಆ ಕಪ್ಪಿನೊಳಗಿಂದ ನೇರಳೆ, ಕಂದುಗೆಂಪು ಛಾಯೆಗಳು ನಿಧಾನವಾಗಿ ಮೇಲೇಳುತ್ತವೆ. ಹೊರಗೆ ಮೋಡ ಸರಿದರೆ ಒಳಗೆ ಚಿತ್ರ ಬದಲಾಗುತ್ತದೆ. ಅವಸರದಲ್ಲಿ ಬಂದು ಹೋದವರಿಗೆ ಈ ಚಿತ್ರಗಳು ಕಾಣಿಸುವುದೇ ಇಲ್ಲ.

ರೇಖೆಯಲ್ಲಿ ಉಳಿದ ಚಲನೆ

ಜಾಕ್ಸನ್ ಪೊಲಾಕ್ ಅವರದು ಬೇರೆ ದಾರಿ. 1947ರ ನಂತರ ಅವರು ಕ್ಯಾನ್ವಾಸನ್ನು ನೆಲಕ್ಕೆ ಹಾಸಿ, ಸುತ್ತಲೂ ನಡೆದಾಡುತ್ತ ಬಣ್ಣವನ್ನು ಸುರಿದು, ಚಿಮುಕಿಸಿ ಚಿತ್ರಿಸಿದರು. 1950ರ ಅವರ ಒಂದು ಪ್ರಸಿದ್ಧ ಚಿತ್ರದ ಉದ್ದ ಐದು ಮೀಟರಿಗೂ ಹೆಚ್ಚು. ಅಲ್ಲಿನ ಪ್ರತಿ ಗೆರೆಯೂ ತೋಳಿನ ಬೀಸು, ಹೆಜ್ಜೆಯ ವೇಗಗಳ ಗುರುತು. ಮನೆಯಂಗಳದ ರಂಗೋಲಿಯನ್ನು ಬಲ್ಲವರಿಗೆ ಇದು ತೀರ ಅಪರಿಚಿತವಾಗಬೇಕಿಲ್ಲ. ಬಾಗಿದ ಬೆನ್ನು, ಬೆರಳ ಸಂದಿಯಿಂದ ಇಳಿಯುವ ಪುಡಿ, ಎಳೆ ಕಡಿಯದಂತೆ ತಿರುಗುವ ಕೈ ಇವೆಲ್ಲವೂ ರಂಗೋಲಿಯ ಗೆರೆಯಲ್ಲಿವೆ. ಹಾಕಿ ಅಭ್ಯಾಸವಿದ್ದವರು ಬೇರೆಯವರ ರಂಗೋಲಿಯನ್ನು ನೋಡುವಾಗ ಕೈಯೇ ಅದನ್ನು ಹಿಂಬಾಲಿಸುತ್ತದೆ.

ಈ ಹಿಂಬಾಲಿಕೆಯನ್ನು ಪ್ರಯೋಗಾಲಯದಲ್ಲಿಯೂ ಪರಿಶೀಲಿಸಲಾಗಿದೆ. ಲೂಸಿಯೊ ಫೊಂಟಾನಾ ಅವರು 1958ರಿಂದ ಕ್ಯಾನ್ವಾಸನ್ನು ಅಲಗಿನಿಂದ ಸೀಳಿ ಕಲಾಕೃತಿಗಳನ್ನು ರಚಿಸಿದರು. ಆ ಸೀಳುಗಳ ಚಿತ್ರಗಳನ್ನೂ, ಅದೇ ಜಾಗದಲ್ಲಿ ಬರಿಯ ಗೆರೆ ಎಳೆದ ಚಿತ್ರಗಳನ್ನೂ ತೋರಿಸಿ ಮೆದುಳಿನ ವಿದ್ಯುತ್ ಚಟುವಟಿಕೆಯನ್ನು ಅಳೆದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಸೀಳನ್ನು ನೋಡುವಾಗ, ದೇಹದ ಚಲನೆಯನ್ನು ನಿಯಂತ್ರಿಸುವ ಭಾಗಗಳು ಪ್ರತಿಸ್ಪಂದಿಸಿದ್ದವು. ಸ್ಥಿರವಾಗಿ ಕುಳಿತು ನೋಡುವವರ ದೇಹವೂ ಕಲಾವಿದನ ಕೈಯ ಚಲನೆಗೆ ಒಳಗೊಳಗೇ ದನಿಗೂಡಿಸುತ್ತದೆ ಎಂಬ ವಾದಕ್ಕೆ ಇದರಿಂದ ಬಲ ಬಂದಿದೆ.

ಹಾಗೆಂದು ಇದನ್ನು ಅತಿಯಾಗಿ ಹಿಗ್ಗಿಸಬಾರದು. ಮೈ ಸ್ಪಂದಿಸಿತು ಎಂದ ಮಾತ್ರಕ್ಕೆ ಕೃತಿ ಶ್ರೇಷ್ಠವಾಗುವುದಿಲ್ಲ. ಕಲೆಯ ಇತಿಹಾಸ, ಕಲಾವಿದನ ಹಿನ್ನೆಲೆಗಳ ಅರಿವು ವ್ಯರ್ಥವೂ ಅಲ್ಲ. ಆದರೆ ಆ ಅರಿವು ಇಲ್ಲದವರಿಗೆ ಪ್ರವೇಶವೇ ಇಲ್ಲ ಎಂಬುದು ಮಾತ್ರ ಸರಿಯಲ್ಲ.

ನೋಡುವುದು ಹೇಗೆ?

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಜನರು ಒಂದು ಕೃತಿಯ ಮುಂದೆ ಕಳೆದ ಸರಾಸರಿ ಅವಧಿ 27 ಸೆಕೆಂಡು. ನಾಗಪುರದಲ್ಲಿ ಜನಿಸಿದ ಗಾಯ್ತೊಂಡೆ (1924-2001) ರೋಲರ್ ಮತ್ತು ಬಣ್ಣದ ಚಾಕುಗಳಿಂದ ಪದರಗಳನ್ನು ಹಚ್ಚುತ್ತ, ಕೆರೆಯುತ್ತ, ವರ್ಷಕ್ಕೆ ಕೆಲವೇ ಚಿತ್ರಗಳನ್ನು ಮುಗಿಸುತ್ತಿದ್ದರು. ತಿಂಗಳುಗಳ ನಿಧಾನವನ್ನು ಅರ್ಧ ನಿಮಿಷದಲ್ಲಿ ಗ್ರಹಿಸಲಾಗದು.

ಬೆಂಗಳೂರಿನ ಅರಮನೆ ರಸ್ತೆಯ ಮಾಣಿಕ್ಯವೇಲು ಭವನದಲ್ಲಿ 2009ರಲ್ಲಿ ಆರಂಭವಾದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಅಥವಾ ಚಿತ್ರಕಲಾ ಪರಿಷತ್ತಿಗೆ ಭೇಟಿ ನೀಡುವವರು ಒಂದು ಪ್ರಯೋಗ ಮಾಡಬಹುದು. ಎಲ್ಲವನ್ನೂ ನೋಡುವ ಹಂಬಲ ಬಿಟ್ಟು ಒಂದೇ ಅಮೂರ್ತ ಚಿತ್ರವನ್ನು ಆಯ್ದುಕೊಳ್ಳುವುದು. ಪಕ್ಕದ ಹೆಸರು ಚೀಟಿಯನ್ನು ಕೊನೆಗೆ ಓದುವುದು. ಮೊದಲು ದೂರದಿಂದ, ಬಳಿಕ ನಿಯಮ ಅನುಮತಿಸುವಷ್ಟು ಸಮೀಪದಿಂದ, ಆಮೇಲೆ ಓರೆಯಾಗಿ ನೋಡುವುದು. ಬಣ್ಣದ ದಪ್ಪ, ಒರಟು, ನುಣುಪುಗಳನ್ನು ಮುಟ್ಟದೆಯೇ ಊಹಿಸುವುದು. ಉಸಿರು ಎಲ್ಲಿ ಹಗುರಾಯಿತು, ಭುಜ ಎಲ್ಲಿ ಬಿಗಿಯಿತು ಎಂದು ಗಮನಿಸುವುದು. ಮೊಬೈಲ್ ಪರದೆಯ ಮೇಲೆ ಅಳತೆ, ಮೇಲ್ಮೈ, ಬೆಳಕು ಮೂರೂ ಕಳೆದುಹೋಗುವುದರಿಂದ ಈ ಅನುಭವ ಅಲ್ಲಿ ದೊರೆಯುವುದಿಲ್ಲ.

ಹತ್ತು ನಿಮಿಷದ ನಂತರವೂ ಚಿತ್ರ ಏನನ್ನೂ ಹೇಳದೆ ಇರಬಹುದು. ಎಲ್ಲ ರಾಗಗಳೂ ಎಲ್ಲರಿಗೂ ಒಗ್ಗುವುದಿಲ್ಲ. ಆದರೆ ಅದು ನೋಡಿದ ಮೇಲಿನ ತೀರ್ಮಾನ. ‘ನನಗೆ ಅರ್ಥವಾಗುವುದಿಲ್ಲ’ ಎಂದು ಬಾಗಿಲಲ್ಲೇ ಹಿಂತಿರುಗಿದವರಿಗೆ ಅದೂ ದಕ್ಕುವುದಿಲ್ಲ.