ಎಸ್ಟೇಟಿನೊಳಗೆ ಕಾಡು ಕಟ್ಟುವವರು

ಪೊಳ್ಳಾಚಿ ಕಡೆಯಿಂದ 40 ಹೇರ್‌ಪಿನ್ ತಿರುವು ಹತ್ತಿ ವಾಲ್ಪಾರೈ ತಲುಪಿದರೆ ಕಣ್ಣು ಹಾಯಿಸಿದಷ್ಟೂ ಚಹಾ ತೋಟ. ತಮಿಳುನಾಡಿನ ಆನೆಮಲೆ ಬೆಟ್ಟಗಳ ನಡುವಿನ ಈ 220 ಚದರ ಕಿ.ಮೀ. ಪ್ರಸ್ಥಭೂಮಿಯಲ್ಲಿ ಮಳೆಕಾಡು ಕಡಿದು ತೋಟ ಎಬ್ಬಿಸುವ ಕೆಲಸ 1890ರ ದಶಕದಲ್ಲೇ ಶುರುವಾಗಿತ್ತು. ಸುತ್ತಲೂ ಸಂರಕ್ಷಿತ ಅರಣ್ಯ, ಮಧ್ಯೆ ಕಂಪನಿಗಳ ಎಸ್ಟೇಟು. ಅವುಗಳೊಳಗೆ ಅಲ್ಲೊಂದು ಇಲ್ಲೊಂದು ಕಾಡಿನ ತುಣುಕು ಮಾತ್ರ ಉಳಿದಿದೆ.

ಆ ತುಣುಕುಗಳಲ್ಲೇ ಸಿಂಗಳೀಕಗಳೂ ಮಂಗಟ್ಟೆ ಹಕ್ಕಿಗಳೂ ಇವೆ.

ಮೈಸೂರಿನಲ್ಲಿ 1996ರಲ್ಲಿ ಹುಟ್ಟಿದ ನೇಚರ್ ಕನ್ಸರ್ವೇಷನ್ ಫೌಂಡೇಷನ್ ಎಂಬ ಲಾಭರಹಿತ ಸಂಸ್ಥೆ ಇಲ್ಲಿ ಜಮೀನು ಕೊಳ್ಳಲು ಹೋಗಲಿಲ್ಲ. ವನ್ಯಜೀವಿ ವಿಜ್ಞಾನಿಗಳಾದ ದಿವ್ಯಾ ಮುದ್ದಪ್ಪ ಮತ್ತು ಟಿ.ಆರ್. ಶಂಕರ್ ರಾಮನ್ ಎಸ್ಟೇಟು ಕಂಪನಿಗಳ ಮನವೊಲಿಸಿದರು: ಜಾಗ ನಿಮ್ಮದೇ ಇರಲಿ, ಹಾಳಾದ ಕಾಡನ್ನು ಸರಿಮಾಡಲು ಬಿಡಿ. ಕೆಲಸ ಆರಂಭವಾಗಿ ಎರಡು ದಶಕ ದಾಟಿದೆ.

ಕೆಲಸ ನಿಧಾನದ್ದು. ರಸ್ತೆಬದಿಯಲ್ಲಿ, ಕಾಲುದಾರಿಯಲ್ಲಿ ಬಿದ್ದು ಹೇಗೂ ಬದುಕುಳಿಯದ ಬೀಜಗಳನ್ನು ಆರಿಸಿ ತಂದು ನರ್ಸರಿಯ ಮಣ್ಣಿನ ಚೀಲಗಳಲ್ಲಿ ಮೊಳೆಸುತ್ತಾರೆ. ಧೂಪ, ರುದ್ರಾಕ್ಷಿ ಜಾತಿಯ ಮರಗಳು ಸೇರಿ ನೂರಕ್ಕೂ ಹೆಚ್ಚು ಬಗೆಯ ಸ್ಥಳೀಯ ಸಸಿ ಅಲ್ಲಿ ಬೆಳೆದಿವೆ. ನೆಡುವ ಮೊದಲು ಲಂಟಾನ ಕೀಳಬೇಕು. ಅದರಡಿ ತಾನಾಗಿ ಹುಟ್ಟಿದ ಕಾಡುಗಿಡಕ್ಕೆ ಕತ್ತಿ ತಾಗಬಾರದು. ಮಳೆ ಹಿಡಿದ ಮೇಲೆ ನೆಡುವುದು, ಆಮೇಲೆ ವರ್ಷಗಟ್ಟಲೆ ಕಳೆ ತೆಗೆಯುವುದು. ಹೀಗೆ ಆರೈಕೆ ಕಂಡ ಜಾಗಗಳು, ಸುಮ್ಮನೆ ಬಿಟ್ಟ ಜಾಗಗಳಿಗಿಂತ ಬೇಗ ಚೇತರಿಸಿಕೊಂಡಿವೆ ಎಂಬುದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಂಡುಬಂತು.

ಕಾಡು ಬೆಳೆದರೆ ಆನೆ ಬರುವುದಿಲ್ಲವೇ? ಕೂಲಿ ಲೈನಿನಲ್ಲಿ ಇರುವವರದು ನ್ಯಾಯವಾದ ಪ್ರಶ್ನೆ. ಆನೆ ಎಲ್ಲಿದೆ ಎಂದು ತಿಳಿಯದೆ ಕತ್ತಲಲ್ಲಿ ಎದುರಾಗುವುದೇ ಇಲ್ಲಿ ಹೆಚ್ಚಿನ ಸಾವುಗಳಿಗೆ ಕಾರಣವಾಗಿತ್ತು. ಸಂಸ್ಥೆಯ ಎಂ. ಆನಂದ ಕುಮಾರ್ ತಂಡ ಮೊಬೈಲ್ ಸಂದೇಶ ಕಳಿಸುವ, ಆನೆ ಹತ್ತಿರವಿದ್ದರೆ ದೂರದಿಂದಲೇ ಕಾಣುವ ಕೆಂಪು ದೀಪ ಉರಿಸುವ ವ್ಯವಸ್ಥೆ ಮಾಡಿತು. ದೀಪವನ್ನು ಊರಿನವರೇ ಮೊಬೈಲಿನಿಂದ ಹೊತ್ತಿಸಬಹುದು. 2015ರಲ್ಲಿ ಇದಕ್ಕೆ ವನ್ಯಜೀವಿ ಸಂರಕ್ಷಣೆಗಾಗಿ ಕೊಡುವ ವಿಟ್ಲಿ ಪ್ರಶಸ್ತಿ ಬಂತು. ಅದಕ್ಕಿಂತ ದೊಡ್ಡದು, ಸಾವುಗಳು ಇಳಿದದ್ದು.

ಕೊರತೆಯೂ ಇದೆ. ಎಲ್ಲ ನಿಂತಿರುವುದು ಮಾಲೀಕರ ಒಪ್ಪಿಗೆಯ ಮೇಲೆ. ಎಸ್ಟೇಟು ಕೈ ಬದಲಾದರೆ ಮಾತುಕತೆ ಮತ್ತೆ ಮೊದಲಿನಿಂದ.

ಕೊಡಗು, ಚಿಕ್ಕಮಗಳೂರಿನ ಕಾಫಿ ಬೆಳೆಗಾರರಿಗೆ ಈ ಕತೆ ದೂರದ್ದಲ್ಲ. ಹಳೆಯ ನೆರಳು ಮರ ಬಿದ್ದ ಜಾಗಕ್ಕೆ ಮತ್ತೊಂದು ಸಿಲ್ವರ್ ಓಕ್ ತರುವ ಮುನ್ನ, ಪಕ್ಕದ ದೇವರಕಾಡಿನಲ್ಲಿ ಯಾವ ಮರವಿದೆ ಎಂದು ಒಮ್ಮೆ ನೋಡಿ ಬನ್ನಿ.