ಗಾಳಿಯ ಮೈ ಕಂಡ ದಿನ

"ತಮ್ಮಾ, ರೆಕ್ಕಿ ಮ್ಯಾಲ ಮೋಡ ಹುಟ್ಟಲತ್ತದ ನೋಡೋ!"

ಅಕ್ಕ ನನ್ನ ರಟ್ಟೆ ಹಿಡಿದು ಜಗ್ಗಿದಳು. ಶಾಮಿಯಾನದ ಅಂಚಿನಿಂದ ಸುರಿಯುವ ನೀರನ್ನು ಲೆಕ್ಕಿಸದೆ ಅವಳು ಆಗಲೇ ಹೊರಗೆ ನಿಂತಿದ್ದಳು. ತಲೆಯ ಮೇಲೆ ಸೆರಗು, ಮುಖ ಆಕಾಶಕ್ಕೆ. ನಾನೂ ಕತ್ತೆತ್ತಿದೆ. ವಾಯುಪಡೆಯ ಸೂರ್ಯಕಿರಣ ತಂಡದ ಕೆಂಪು ಬಿಳಿ ಹಾಕ್ ವಿಮಾನಗಳು ಬೂದುಬಣ್ಣದ ಮುಗಿಲಿನ ಅಡಿಯಲ್ಲಿ ಓರೆಯಾಗಿ ತಿರುಗುತ್ತಿದ್ದವು. ತಿರುವು ಬಿಗಿಯಾಯಿತು. ಅದೇ ಕ್ಷಣ, ಏನೂ ಇಲ್ಲದ ರೆಕ್ಕೆಯ ಬೆನ್ನಿನ ಮೇಲೆ ಅರಳೆಯಂಥ ಬಿಳುಪು ಉಬ್ಬಿತು, ನಡುಗಿತು. ತಿರುವು ಸಡಿಲಾದದ್ದೇ ತಡ, ಇಲ್ಲ! ಮತ್ತೆ ತಿರುಗಿದವು, ಮತ್ತೆ ಬಂತು!

"ಹೊಗಿ ಇರಬೇಕು ಅಕ್ಕಾ" ಅಂದೆ.

"ಹೊಗಿ ಹಿಂದಿಂದ ಬರ್ತದ. ಇದು ರೆಕ್ಕಿ ಬೆನ್ನ ಮ್ಯಾಲ ಅದ. ಸರಿಯಾಗಿ ನೋಡು."

ಸರಿಯಾಗಿ ನೋಡಿದೆ. ಅಕ್ಕ ಹೇಳಿದ್ದೇ ನಿಜ. ಅದು ಮೋಡ. ಒಂದು ಗಳಿಗೆಯೂ ಬಾಳದ, ಒಂದು ರೆಕ್ಕೆಯಷ್ಟೇ ಅಗಲದ ಮೋಡ.

ನಾವು ಬೀದರಿನವರು. ವಿಮಾನವೆಂದರೆ ನಮಗೆ ದಿನನಿತ್ಯದ ಸದ್ದು. ಯುದ್ಧವಿಮಾನ ಹಾರಿಸಲಿರುವ ಹುಡುಗ ಹುಡುಗಿಯರು ಹಾಕ್ ಮೇಲೆ ಕೈ ಪಳಗಿಸಿಕೊಳ್ಳುವುದು ನಮ್ಮೂರಿನ ವಾಯುನೆಲೆಯಲ್ಲಿ. ಸೂರ್ಯಕಿರಣ ತಂಡ 1996ರಲ್ಲಿ ಹುಟ್ಟಿದ್ದೂ ಅಲ್ಲೇ. ಆಗ ಅದು ಹಾರಿಸುತ್ತಿದ್ದದ್ದು ಬೆಂಗಳೂರಿನ ಎಚ್‌ಎಎಲ್‌ನಲ್ಲಿ ವಿ. ಎಂ. ಘಾಟಗೆ ಅವರು ರೂಪಿಸಿದ, 1964ರಲ್ಲಿ ಮೊದಲ ಸಲ ನೆಲ ಬಿಟ್ಟ ‘ಕಿರಣ್’ ವಿಮಾನ. 2011ರಲ್ಲಿ ತಂಡ ನಿಂತುಹೋಯಿತು. 2015ರಲ್ಲಿ ಹಾಕ್ ಏರಿ ಮರಳಿ ಬಂತು. ಹಾಕ್ ವಿನ್ಯಾಸ ಬ್ರಿಟನ್ನಿನದಾದರೂ ನಮ್ಮಲ್ಲಿ ಅದನ್ನು ಕಟ್ಟಿದವರು ಬೆಂಗಳೂರಿನವರೇ. ಹೊಲದಲ್ಲಿ ಕಳೆ ತೆಗೆಯುತ್ತ ಬಗ್ಗಿದ ಅಕ್ಕ ಸದ್ದಿನಿಂದಲೇ ವಿಮಾನಗಳ ಲೆಕ್ಕ ಹೇಳಬಲ್ಲಳು. ಆದರೆ ನಾವು ಅವುಗಳನ್ನು ನೋಡಿದ್ದೆಲ್ಲ ಒಣ ಆಕಾಶದಲ್ಲಿ. ಮೃಗಶಿರಾ ಮಳೆಯೊಳಗೆ ನಿಂತು ನೋಡಿದ್ದು ಇದೇ ಮೊದಲು!

ಬಂದದ್ದು ಅಕ್ಕನ ಮಗಳಿಗಾಗಿ. ಹೈದರಾಬಾದಿನ ಹೊರವಲಯದ ದುಂಡಿಗಲ್‌ನಲ್ಲಿ ವಾಯುಪಡೆಯ ಅಕಾಡೆಮಿಯಿದೆ. 1967ರಲ್ಲಿ ರಾಷ್ಟ್ರಪತಿ ಝಾಕಿರ್ ಹುಸೇನ್ ಅಡಿಗಲ್ಲು ಹಾಕಿದ ಜಾಗ. ವರ್ಷಕ್ಕೆರಡು ಸಲ, ಜೂನ್‌ನಲ್ಲೊಮ್ಮೆ ಡಿಸೆಂಬರ್‌ನಲ್ಲೊಮ್ಮೆ, ಅಲ್ಲಿ ಪದವಿ ಪರೇಡ್ ನಡೆಯುತ್ತದೆ. ನಮ್ಮ ಹುಡುಗಿಗೆ ಸಿಕ್ಕಿದ್ದು ಜೂನ್. ಊರಲ್ಲಿ ಹೆಸರು, ಉದ್ದು ಬಿತ್ತುವ ಹೊತ್ತು. ಕೂರಿಗೆ ಹೂಡುವುದನ್ನು ನಾಳೆಗೆ ತಳ್ಳಿ ಅಕ್ಕ ನಸುಕಿನಲ್ಲೇ ಕಾರು ಹತ್ತಿದ್ದಳು. ದಾರಿಯುದ್ದಕ್ಕೂ ಮಳೆ.

ಪರೇಡ್ ನಿಲ್ಲಲಿಲ್ಲ. ಜಿಟಿಜಿಟಿ ಮಳೆಯಲ್ಲೇ ಕೆಡೆಟ್‌ಗಳ ಸಾಲು ಬಂತು. ನೂರಾರು ಬೂಟುಗಳು ಒಂದೇ ಸಲ ನೀರಿಗೆ ಬಿದ್ದಾಗ ಬರುವ ಸದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ಅದು ಗಟ್ಟಿ ನೆಲದ ಠಪ್ ಅಲ್ಲ, ಚಪ್ಪಾಳೆಯೂ ಅಲ್ಲ, ಎರಡರ ನಡುವಿನದೊಂದು ಸದ್ದು. ಟೋಪಿಯ ಅಂಚಿನಿಂದ ಹನಿ ಇಳಿದು ಮೂಗಿನ ಮೇಲೆ ಬಿದ್ದರೂ ಒಂದು ಕೈ ಮೇಲೇಳಲಿಲ್ಲ. ಬಿಳಿ ಕೈಗವಸುಗಳು ತೊಯ್ದು ಬೆರಳಿಗಂಟಿದ್ದವು. ಎದೆಯ ಮೇಲೆ ರೆಕ್ಕೆಯ ಲಾಂಛನ ಸಿಕ್ಕಿಸಿಕೊಂಡು ನಮ್ಮ ಹುಡುಗಿ ಸೆಲ್ಯೂಟ್ ಹೊಡೆದಾಗ ತೋಳಿನಿಂದ ನೀರು ಚಿಮ್ಮಿತು. ಅಕ್ಕ ಅಳಲಿಲ್ಲ. ಮಳೆಯಲ್ಲಿ ಅತ್ತರೂ ಗೊತ್ತಾಗುತ್ತಿರಲಿಲ್ಲ.

ಪ್ರತಿಜ್ಞೆಯಾಯಿತು. ಬ್ಯಾಂಡಿನವರು ಟಾಗೋರರ ‘ಆನಂದಲೋಕೆ’ಯ ರಾಗ ಎತ್ತಿಕೊಂಡರು. ಹೊಸ ಅಧಿಕಾರಿಗಳು ಎರಡು ಸಾಲಾಗಿ ನಿಧಾನ ಹೆಜ್ಜೆಯಲ್ಲಿ ಹೊರನಡೆದರು, ನಿನ್ನೆಯವರೆಗೆ ಜೊತೆಯಲ್ಲಿ ಓಡುತ್ತಿದ್ದ ಕಿರಿಯರು ಅವರಿಗೆ ಮೊದಲ ಸೆಲ್ಯೂಟ್ ಸಲ್ಲಿಸಿದರು. ಆ ರಾಗಕ್ಕೆ ಮಳೆಯೇ ತಾಳ ಹಾಕುತ್ತಿತ್ತು. ಇಷ್ಟು ಕಂಡದ್ದೇ ನನಗೆ ಸಾಕಿತ್ತು.

ಆದರೆ ಆಕಾಶ ಇನ್ನೂ ಬಾಕಿಯಿತ್ತು!

ಮೊದಲು ಬಂದದ್ದು ಪಿಲಾಟಸ್. ಸ್ವಿಟ್ಜರ್‌ಲ್ಯಾಂಡಿನ ಪುಟ್ಟ ತರಬೇತಿ ವಿಮಾನ. ಇಲ್ಲಿನ ಮಕ್ಕಳು ಹಾರಲು ಮೊದಲು ಕಲಿಯುವುದೇ ಅದರಲ್ಲಿ. ಅದರ ಮೂತಿಯಲ್ಲಿ ತಿರುಗುವ ಪಂಖದ ತುದಿಗಳಿಂದ ಬಿಳಿ ಎಳೆಗಳು ಹೊರಟು ಸುರುಳಿ ಸುರುಳಿಯಾಗಿ ಹಿಂದಕ್ಕೆ ಸುತ್ತಿಕೊಳ್ಳುತ್ತಿದ್ದವು. ರಾಟೆಯಿಂದ ನೂಲು ಬಂದ ಹಾಗೆ! ಆಮೇಲೆ ಹಾಕ್‌ಗಳು, ಅವುಗಳ ಬೆನ್ನೇರಿದ ಮೋಡ, ಅಕ್ಕನ ಕೂಗು.

ಇದು ಹೇಗಾಗುತ್ತದೆ? ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯುವುದೇ ಅದರ ಮೇಲ್ಗಡೆಯ ಗಾಳಿಯ ಒತ್ತಡ ಕೆಳಗಿನದಕ್ಕಿಂತ ಕಡಿಮೆಯಿರುವುದರಿಂದ. ಒತ್ತಡ ಇಳಿದರೆ ಗಾಳಿ ಹಿಗ್ಗುತ್ತದೆ, ಹಿಗ್ಗಿದರೆ ತಣ್ಣಗಾಗುತ್ತದೆ. ಒಣ ದಿನ ಅಷ್ಟಕ್ಕೇ ಮುಗಿಯಿತು, ಕಣ್ಣಿಗೇನೂ ಬೀಳದು. ಮಳೆಯ ದಿನ ಗಾಳಿ ತುಂಬಿದ ಕೊಡದ ಹಾಗೆ ನೀರಾವಿಯಿಂದ ತುಳುಕುತ್ತಿರುತ್ತದೆ. ಸ್ವಲ್ಪ ತಣ್ಣಗಾದರೂ ಸಾಕು, ಆವಿ ಹನಿಗಟ್ಟಿ ಮೋಡವಾಗುತ್ತದೆ. ಪೈಲಟ್ ಬಿಗಿಯಾಗಿ ತಿರುಗಿಸಿದಷ್ಟೂ ರೆಕ್ಕೆಯ ಮೇಲೆ ಹೊರೆ ಹೆಚ್ಚು, ಒತ್ತಡದ ಇಳಿತ ಹೆಚ್ಚು, ಮೋಡ ದಟ್ಟ. ವಿಮಾನ ದಾಟಿಹೋದ ಮೇಲೆ ಗಾಳಿ ಹಳೆಯ ಒತ್ತಡಕ್ಕೆ ಮರಳುತ್ತದೆ, ಹನಿ ಕರಗುತ್ತದೆ. ಹಿಡಿದೆತ್ತುವ ಶಕ್ತಿಯೇ ಬೆಳ್ಳಗೆ ಮೈದೋರಿ ನಮ್ಮ ನೆತ್ತಿಯ ಮೇಲೆ ಹಾದುಹೋಗುತ್ತಿತ್ತು! ಇಷ್ಟು ವರ್ಷ ಬೀದರಿನಲ್ಲಿ ನಾನು ಬರೀ ವಿಮಾನ ನೋಡಿದ್ದೆ. ಅದನ್ನು ಹೊತ್ತ ಗಾಳಿಯನ್ನು ಇವತ್ತೇ ನೋಡಿದ್ದು.

ರೆಕ್ಕೆಯ ತುದಿಗಳಿಂದಲೂ ಸಣ್ಣ ದಾರ ಹೊರಡುತ್ತಿತ್ತು. ರೆಕ್ಕೆಯ ಕೆಳಗಿನ ಹೆಚ್ಚು ಒತ್ತಡದ ಗಾಳಿ ತುದಿಯ ಬಳಿ ಸಂದು ಸಿಕ್ಕೊಡನೆ ಮೇಲಕ್ಕೆ ಹೊರಳುತ್ತದೆ. ಹೊರಳಿ ಹೊರಳಿ ಸುಳಿಯಾಗುತ್ತದೆ. ನದಿಯ ಸುಳಿಯನ್ನು ಅಡ್ಡಡ್ಡ ಮಲಗಿಸಿ ಆಕಾಶದಲ್ಲಿ ಎಳೆದುಕೊಂಡು ಹೋದ ಹಾಗೆ. ಅದರ ನಡುವಿನಲ್ಲಿ ಒತ್ತಡ ತೀರಾ ಕಡಿಮೆ, ಅಲ್ಲೇ ಆವಿ ಬಿಳಿ ದಾರವಾಗುವುದು. ಇದೇ ಸುಳಿಯ ಹೊರಬದಿಯಲ್ಲಿ ಗಾಳಿ ಮೇಲೇಳುತ್ತದೆ, ಹಿಂದೆ ಬರುವ ಹಕ್ಕಿಗೆ ಅದು ಊರುಗೋಲು. ಹಿಮಾಲಯ ದಾಟಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬಂದಿಳಿಯುವ ಪಟ್ಟೆತಲೆ ಹೆಬ್ಬಾತುಗಳ ಬಾಣದಂಥ ಸಾಲು ನೆನಪಾಯಿತು. ನಾನು ಅದನ್ನು ಬರೀ ಅಂದವೆಂದು ತಿಳಿದಿದ್ದೆ.

ಮುಗಿಲು ಕೆಳಗಿಳಿದಿದ್ದರಿಂದ ಸೂರ್ಯಕಿರಣ ತಂಡ ಲಾಗ ಹಾಕಲಿಲ್ಲ, ಅಡ್ಡ ತಿರುವುಗಳಲ್ಲೇ ಹಾರಿತು. ಇಂಥ ತಂಡಗಳು ಒಂದೇ ಪ್ರದರ್ಶನವನ್ನು ಮೋಡದ ಎತ್ತರಕ್ಕೆ ತಕ್ಕಂತೆ ಬೇರೆ ಬೇರೆಯಾಗಿ ಕಲಿತಿರುತ್ತವೆ. ಹಾಕ್ ವಿಮಾನವನ್ನೇ ಹಾರಿಸುವ ಬ್ರಿಟನ್ನಿನ ರೆಡ್ ಆರೋಸ್ ತಂಡದ ಲೆಕ್ಕ ಹೀಗಿದೆ: ಮೋಡ ಸಾಕಷ್ಟು ಮೇಲಿದ್ದರೆ ಪೂರ್ತಿ ಲಾಗ, 2,500 ಅಡಿಯವರೆಗೆ ಉರುಳಾಟ, ಅದಕ್ಕೂ ಕೆಳಗಿಳಿದರೆ ಬರೀ ಹಾಯುವುದು ಮತ್ತು ತಿರುಗುವುದು. ಕಡಿಮೆ ಸಿಕ್ಕಿತೆಂದು ನನಗನ್ನಿಸಲೇ ಇಲ್ಲ. ನೀಲಿ ಆಕಾಶದಲ್ಲಿ ಲಾಗ ಯಾವತ್ತಾದರೂ ನೋಡಬಹುದು. ಒಂಬತ್ತು ವಿಮಾನ ಒಂದಕ್ಕೊಂದು ತಾಗುವಷ್ಟು ಹತ್ತಿರ, ಒಂಬತ್ತರ ಬೆನ್ನಿಗೂ ಒಂದೊಂದು ಮೋಡ, ಒಂಬತ್ತೂ ಒಟ್ಟಿಗೇ ಹುಟ್ಟಿ ಒಟ್ಟಿಗೇ ಅಳಿಯುವುದು! ಅದನ್ನು ಇನ್ನೆಲ್ಲಿ ನೋಡಲಿ?

ಆಮೇಲೆ ಸಾರಂಗ್. ಸಂಸ್ಕೃತದಲ್ಲಿ ಆ ಹೆಸರಿಗೆ ನವಿಲು ಎಂಬರ್ಥವಿದೆ. ಎಚ್‌ಎಎಲ್ ಬೆಂಗಳೂರಿನಲ್ಲಿ ರೂಪಿಸಿದ ಧ್ರುವ ಹೆಲಿಕಾಪ್ಟರ್‌ಗಳಿಗೆ ನವಿಲಿನ ಚಿತ್ತಾರ ಬಳಿದು, 2003ರಲ್ಲಿ ಯಲಹಂಕದಲ್ಲಿ ಕಟ್ಟಿದ ತಂಡ ಅದು. ಕಪ್ಪುಗಟ್ಟಿದ ಮುಗಿಲ ಕೆಳಗೆ, ಮಳೆಯ ತೆರೆಯನ್ನು ಸರಿಸಿಕೊಂಡು ಆ ನವಿಲುಗಳು ಬಂದವು. ತಲೆಯ ಮೇಲಿನ ರೋಟರ್ ತುದಿಗಳಲ್ಲಿ ಬಿಳಿ ಬಳೆ ಮೂಡಿ ಮಾಯವಾಗುತ್ತಿತ್ತು. ಎದುರುಬದುರು ಬಂದು ಕೂದಲೆಳೆಯಲ್ಲಿ ದಾಟಿದವು, ನಿಂತಲ್ಲೇ ಸುತ್ತಿದವು. ಮಳೆ ಬಂದಾಗ ನವಿಲು ಬೇರೇನು ಮಾಡೀತು! ಶಾಮಿಯಾನದೊಳಗಿದ್ದ ಅಪ್ಪ ಅಮ್ಮಂದಿರೆಲ್ಲ ಯಾವಾಗ ಹೊರಗೆ ಬಂದು ನೆನೆಯತೊಡಗಿದರೋ ಯಾರಿಗೂ ತಿಳಿಯಲಿಲ್ಲ.

ಮಧ್ಯಾಹ್ನ ಮಗಳು ಬಂದಳು. ಸಮವಸ್ತ್ರ ಇನ್ನೂ ಹಸಿ. ಅಕ್ಕ ಮೊದಲು ಅವಳ ತಲೆ ಒರೆಸಿದಳು, ಆಮೇಲೆ ಎದೆಯ ಮೇಲಿನ ರೆಕ್ಕೆಯನ್ನು ಬೆರಳ ತುದಿಯಿಂದ ಮುಟ್ಟಿದಳು.

"ಅವ್ವಾ, ಆ ಸುಳಿ ಭಾಳ ಕೆಟ್ಟದ್ದು" ಎಂದಳು ಹುಡುಗಿ, ನಮ್ಮ ಪ್ರಶ್ನೆಗಳ ಮಳೆಗೆ ನಗುತ್ತ. "ಮುಂದಿನ ವಿಮಾನದ ಸುಳಿಯೊಳಗ ಸಿಕ್ಕರ ನಮ್ಮ ವಿಮಾನ ಹೊರಳ್ತದ. ಅದಕ್ಕೇ ಹಿಂದಿನವರು ಮುಂದಿನವರಿಗಿಂತ ಒಂಚೂರು ಕೆಳಗ ಹಾರ್ತಾರ. ಒಣ ದಿನ ಅದು ಕಾಣ್ಸೂದಿಲ್ಲ ಮಾಮಾ. ಅಲ್ಲೇ ಅದ ಅಂತ ತಿಳಕೊಂಡೇ ಹಾರಬೇಕು."

ಅವಳ ಮುಂದಿನ ತರಬೇತಿ ಬೀದರಿನಲ್ಲಿ. 2016ರ ಜೂನ್‌ನಲ್ಲಿ ಇದೇ ಅಂಗಳದಿಂದ ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ ಹೊರನಡೆದು ಯುದ್ಧವಿಮಾನಗಳಿಗೆ ದೇಶದ ಮೊದಲ ಮಹಿಳಾ ಪೈಲಟ್‌ಗಳಾದರು. ಅವರೂ ಹಾಕ್ ಕಲಿಯಲು ಬಂದದ್ದು ನಮ್ಮೂರಿಗೆ. ಇನ್ನು ಅಕ್ಕ ಹೊಲದಲ್ಲಿ ಬಗ್ಗಿದಾಗ ಕೇಳುವ ಸದ್ದುಗಳಲ್ಲಿ ಒಂದು ಅವಳ ಮಗಳದು.

ಸಂಜೆ ಹೊರಟಾಗಲೂ ಮಳೆ. ಜಹೀರಾಬಾದ್ ದಾಟುವ ಮೊದಲು ಒಂದು ಲಾರಿಯ ಹಿಂದೆ ಸಿಕ್ಕಿಕೊಂಡೆವು. ಚಾಲಕ ಹಾರ್ನ್ ಹೊಡೆದು ಪಕ್ಕಕ್ಕೆ ತೆಗೆಯಲು ನೋಡಿದ.

"ತಡಿಯಪ್ಪಾ, ಹಿಂದೇ ನಡಿ" ಎಂದಳು ಅಕ್ಕ.

ಲಾರಿಯ ಗಾಲಿಗಳು ಎರಚಿದ ನೀರು ಹುಡಿಯಾಗಿ ಮೇಲೆದ್ದು, ಅದರ ಬೆನ್ನ ಹಿಂದಿನ ಎರಡೂ ಮೂಲೆಗಳಲ್ಲಿ ಒಳಕ್ಕೆ ಹೊರಳಿ ಹೊರಳಿ ಸುತ್ತುತ್ತಿತ್ತು. ನಮ್ಮ ದೀಪದ ಬೆಳಕು ಅದರ ಮೇಲೆ ಬಿದ್ದಿತ್ತು. ಅಕ್ಕ ಮುಂದಕ್ಕೆ ಬಾಗಿ, ಎರಡೂ ಕೈಗಳನ್ನು ಸೀಟಿನ ಬೆನ್ನಿಗೆ ಊರಿ, ಬೀದರಿನ ತಿರುವು ಬರುವವರೆಗೂ ನೋಡುತ್ತಲೇ ಇದ್ದಳು.